ಚಿನ್ನದ ದಾರಿಯ ಕಳ್ಳರೂ ನಮ್ಮ ಬಂಡಾಯವೂ

ನಮ್ಮೊಳಗೇ ಕೆಲವು ಗೆಳೆಯರಿದ್ದಾರೆ. ದರೋಡೆಕೋರ ಅಂದರೆ ಸಾಕು, ಅವರಿಗೆ ಮೈ ಜುಂ ಅನ್ನುತ್ತೆ. ಪೊಲೀಸರ ಮೇಲೆ ಗುಂಡು ಹಾರಿಸಿದವನೆಲ್ಲ ಬಡವರ ಬಂಧು, ಕಾಡು ಸೇರಿದವನೆಲ್ಲ ಕ್ರಾಂತಿಕಾರಿ ಅನ್ನೋದು ಅವರ ಲೆಕ್ಕ. ಈ ಲೆಕ್ಕದಲ್ಲೇ ಆಸ್ಟ್ರೇಲಿಯಾದ ಬುಷ್‌ರೇಂಜರ್‌ಗಳನ್ನೂ ತಂದು ನಮ್ಮ ಮುಂದೆ ನಿಲ್ಲಿಸುತ್ತಾರೆ. ಸಾಮ್ರಾಜ್ಯಶಾಹಿಯ ಚಿನ್ನವನ್ನು ಹಾಡಹಗಲೇ ದೋಚಿದವರು, ಬ್ರಿಟಿಷರ ಕಾನೂನಿಗೆ ತಲೆಬಾಗದವರು, ಇವರಿಗಿಂತ ದೊಡ್ಡ ಬಂಡಾಯಗಾರರು ಯಾರಿದ್ದಾರೆ ಹೇಳಿ ಅಂತ ಕೇಳುತ್ತಾರೆ.

ಹೇಳೋಣ. ಬಂಡಾಯ ಅನ್ನೋ ಮಾತು ನಮಗೆ ಬಿಟ್ಟಿ ಸಿಕ್ಕಿದ್ದಲ್ಲ. ಊರಾಚೆಯ ಕೇರಿಯಿಂದ, ಮುಟ್ಟಿದರೆ ಮೈಲಿಗೆ ಅನ್ನಿಸಿಕೊಂಡ ಬಾವಿಯ ದಂಡೆಯಿಂದ, ಜೀತದ ಹಟ್ಟಿಯಿಂದ ಎದ್ದು ಬಂದ ಮಾತು ಅದು. ಅದನ್ನು ಸಿಕ್ಕಸಿಕ್ಕವರ ತಲೆಗೆ ಪೇಟದ ಹಾಗೆ ಸುತ್ತೋದಕ್ಕೆ ನಾವು ಬಿಡೋದಿಲ್ಲ. ಯಾರು ಯಾರಿಂದ ಕದ್ದರು, ಕದ್ದದ್ದು ಮೊದಲು ಯಾರದಾಗಿತ್ತು, ಆಮೇಲೆ ಯಾರ ಪಾಲಾಯಿತು. ಈ ಮೂರು ಪ್ರಶ್ನೆ ಕೇಳದೆ ಯಾರಿಗೂ ಹಾರ ಹಾಕೋದು ಬೇಡ.

ಮೊದಲು ನೆಲದ ಮಾತು. ನ್ಯೂ ಸೌತ್ ವೇಲ್ಸ್ ಪ್ರಾಂತದ ಬಾಥರ್ಸ್ಟ್, ಲ್ಯಾಂಬಿಂಗ್ ಫ್ಲಾಟ್, ಫೋರ್ಬ್ಸ್. ಬುಷ್‌ರೇಂಜರ್‌ಗಳ ಸೀಮೆ ಅಂತ ಹೆಸರಾದದ್ದು ಇದೇ. ಆದರೆ ಅದಕ್ಕೆ ಮೊದಲು ಅದು ವಿರಾಜುರಿ ಜನರ ಸೀಮೆ. ಬಿಳಿಯರು ಗುಡ್ಡ ದಾಟಿ ಬಂದು 1815ರಲ್ಲಿ ಬಾಥರ್ಸ್ಟ್ ಕಟ್ಟಿದರು. ಕುರಿ ಬಂತು, ಬೇಲಿ ಬಂತು, ಬಂದೂಕು ಬಂತು. ವಿರಾಜುರಿಗಳು ತಿರುಗಿ ಬಿದ್ದಾಗ 1824ರ ಆಗಸ್ಟ್‌ನಲ್ಲಿ ಗವರ್ನರ್ ಬ್ರಿಸ್ಬೇನ್ ಅಲ್ಲಿ ಸೇನಾ ಕಾನೂನು ಹೇರಿದ. ಡಿಸೆಂಬರ್ ತನಕ ಅದು ಜಾರಿಯಲ್ಲಿತ್ತು. ಅವರ ನಾಯಕ ವಿಂಡ್ರಡೈನ್‌ನನ್ನು ಹಿಡಿದುಕೊಟ್ಟವರಿಗೆ 500 ಎಕರೆ ಜಮೀನು ಇನಾಮು ಅಂತ ಸಾರಿದರು. ಯಾರ ಜಮೀನು? ಅವರದೇ ಜಮೀನು! ಮನೆ ಕದ್ದವನು ಮನೆಯೊಡೆಯನ ತಲೆಗೆ ಅದೇ ಮನೆಯ ಒಂದು ಕೋಣೆಯನ್ನ ಬೆಲೆ ಕಟ್ಟಿದ ಹಾಗೆ. ನಮ್ಮ ಗೆಳೆಯರ ದರೋಡೆಯ ಪಟ್ಟಿಯಲ್ಲಿ ಈ ದರೋಡೆ ಇಲ್ಲ. ಯಾಕೆ ಅಂದರೆ ಇದನ್ನು ಮಾಡಿದವರು ಮುಖಕ್ಕೆ ಬಟ್ಟೆ ಕಟ್ಟಿರಲಿಲ್ಲ, ತಲೆಗೆ ಗವರ್ನರನ ಟೋಪಿ ಹಾಕಿದ್ದರು.

ಇನ್ನು ಚಿನ್ನದ ಮಾತು. 1851ರಲ್ಲಿ ಎಡ್ವರ್ಡ್ ಹಾರ್‌ಗ್ರೇವ್ಸ್ ಅನ್ನೋನು ಬಾಥರ್ಸ್ಟ್ ಸೀಮೆಯಲ್ಲಿ ಚಿನ್ನ ಕಂಡೆ ಅಂತ ಡಂಗುರ ಹೊಡೆದ. ಸರ್ಕಾರ ಅವನಿಗೆ 10,000 ಪೌಂಡ್ ಕೊಟ್ಟಿತು. ನಿಜವಾಗಿ ತೊರೆಯಲ್ಲಿ ಬಗ್ಗಿ ಲಾಭದ ಚಿನ್ನ ತೆಗೆದ ಜಾನ್ ಲಿಸ್ಟರ್ ಮತ್ತು ಟಾಮ್ ಸಹೋದರರನ್ನು ಹೌದು, ಕಂಡವರು ನೀವೇ ಅಂತ ಒಪ್ಪಿಕೊಳ್ಳೋದಕ್ಕೆ 1890 ಬರಬೇಕಾಯಿತು. ಬಿಳಿಯರ ನಡುವೆಯೇ ಹೀಗೆ. ಕರಿಯರ ಪಾಡು ಕೇಳಿ. ಅದೇ 1851ರ ಜುಲೈನಲ್ಲಿ ಡಾಕ್ಟರ್ ಕೆರ್ ಅನ್ನೋ ಜಮೀನ್ದಾರನ ಕುರಿ ಕಾಯುತ್ತಿದ್ದ ಒಬ್ಬ ಮೂಲನಿವಾಸಿಗೆ ಒಂದು ಬಿಳಿಕಲ್ಲಿನ ಬಂಡೆ ಕಂಡಿತು. ಅದರೊಳಗೆ 106 ಪೌಂಡ್ ತೂಕದ ಚಿನ್ನ. ಆ ಬಂಡೆಗೆ ಚರಿತ್ರೆಯಲ್ಲಿ ಏನು ಹೆಸರು ಗೊತ್ತೇ? ಕೆರ್ ಸಾಹೇಬರ ಹಂಡ್ರೆಡ್‌ವೈಟ್! ಕಂಡವನಿಗೂ ಅವನ ತಮ್ಮನಿಗೂ ಕುರಿ, ಕುದುರೆ, ದವಸ ಕೊಟ್ಟರು ಅಂತ ಆಗಿನ ಪತ್ರಿಕೆಗಳು ಮೆಚ್ಚಿ ಬರೆದವು. ನೆಲ ಅವನದು, ಕಣ್ಣು ಅವನದು, ಕಲ್ಲಿಗೆ ಹೆಸರು ಮಾತ್ರ ಧಣಿಯದು. ಸುಗ್ಗಿ ಮುಗಿದ ಮೇಲೆ ಕಣದ ಮೂಲೆಯಲ್ಲಿ ನಿಂತು ಮೊರ ಒಡ್ಡಿದ ನಮ್ಮ ಅಪ್ಪಂದಿರಿಗೆ ಈ ಕತೆಯನ್ನ ಬಿಡಿಸಿ ಹೇಳಬೇಕಾಗಿಲ್ಲ.

ಚಿನ್ನ ಸಿಕ್ಕ ಮೇಲೆ ಕಳ್ಳರು ಎಲ್ಲಿಂದ ಬಂದರು? ಆಕಾಶದಿಂದ ಉದುರಲಿಲ್ಲ. 1860ರಲ್ಲಿ ಲ್ಯಾಂಬಿಂಗ್ ಫ್ಲಾಟ್‌ನಲ್ಲಿ, 1861ರಲ್ಲಿ ಫೋರ್ಬ್ಸ್‌ನಲ್ಲಿ ಚಿನ್ನ ಎದ್ದಿತು. ನಿನ್ನೆ ಕುರಿ ಮೇಯುತ್ತಿದ್ದ ಬಯಲಲ್ಲಿ ಇವತ್ತು ಸಾವಿರಾರು ಗುಡಾರ. ಅಷ್ಟೂ ಹೊಟ್ಟೆಗೆ ಮಾಂಸ ಬೇಕು. ಮಾಂಸದ ಬೆಲೆ ಏರಿದ ಕೂಡಲೇ ದನಗಳ್ಳತನ ಒಂದು ಕಸುಬಾಯಿತು. ಫ್ರ್ಯಾಂಕ್ ಗಾರ್ಡಿನರ್ ಕಳ್ಳರ ನಾಯಕನಾಗೋಕೆ ಮೊದಲು ಲ್ಯಾಂಬಿಂಗ್ ಫ್ಲಾಟ್‌ನಲ್ಲಿ ಕಸಾಯಿ ಅಂಗಡಿ ಇಟ್ಟಿದ್ದ. ಇನ್ನೊಂದು ಕಡೆ, ತೆಗೆದ ಚಿನ್ನ ಸಿಡ್ನಿಗೆ ಹೋಗಬೇಕು. ನೂರಾರು ಮೈಲಿ ಕೆಟ್ಟ ದಾರಿ, ನಾಲ್ಕು ಪೊಲೀಸರ ಕಾವಲಿನ ಒಂದು ಗಾಡಿ, ಅದು ಹೊರಡೋ ದಿನ ಊರಿಗೆಲ್ಲ ಗೊತ್ತು. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ದನಗಾಹಿ ಹುಡುಗರಿಗೆ ಒಂದೊಂದು ಕಣಿವೆಯೂ ಅಂಗೈ ಗೆರೆ. ಕದ್ದ ರೇಸ್ ಕುದುರೆ ಅವರ ಕೆಳಗೆ. ಬೆನ್ನು ಹತ್ತಿದ ಪೊಲೀಸರ ಕೆಳಗೆ ಸರ್ಕಾರಿ ಕುದುರೆ. ಹೀಗೆ ಚಿನ್ನ ತನ್ನ ಧಣಿಗಳನ್ನ ಸೃಷ್ಟಿ ಮಾಡಿದ ಹಾಗೇ ತನ್ನ ಕಳ್ಳರನ್ನೂ ಸೃಷ್ಟಿ ಮಾಡಿಕೊಂಡಿತು. ಧಣಿಯೂ ಕಳ್ಳನೂ ಕೈ ಚಾಚಿದ್ದು ಒಂದೇ ಪೆಟ್ಟಿಗೆಗೆ.

1862ರ ಜೂನ್ 15. ಯುಗೌರಾ ಬಂಡೆಗಳ ಹತ್ತಿರ ಗಾರ್ಡಿನರ್‌ನ ಗುಂಪು ಫೋರ್ಬ್ಸ್‌ನಿಂದ ಹೊರಟ ಚಿನ್ನದ ಗಾಡಿಯನ್ನ ತಡೆಯಿತು. ದಾರಿಯಲ್ಲಿ ಬಂದ ಬಡ ಎತ್ತಿನಗಾಡಿಯವರನ್ನು ಹಿಡಿದು ಅವರ ಗಾಡಿಗಳನ್ನೇ ಅಡ್ಡ ನಿಲ್ಲಿಸಿ, ಅವರನ್ನ ಬೋರಲು ಮಲಗಿಸಿದರು. ಬಡವರ ಬಂಧುಗಳು ಬಡವರನ್ನು ನೆಲಕ್ಕೆ ಮುಖ ಹಚ್ಚಿ ಮಲಗಿಸಿದರು, ಗೆಳೆಯರು ಇದನ್ನು ಗಮನಿಸಬೇಕು. ಎರಡೂವರೆ ಸಾವಿರ ಔನ್ಸಿಗೂ ಮೀರಿದ ಚಿನ್ನ, ಜೊತೆಗೆ ನಗದು, ಒಟ್ಟು 14,000 ಪೌಂಡ್ ಹತ್ತಿರದ ಲೂಟಿ. ಆ ದಿನ ಅವರು ಕೆಂಪು ಅಂಗಿ ತೊಟ್ಟಿದ್ದರು, ಮುಖಕ್ಕೆ ಮಸಿ ಬಳಿದುಕೊಂಡಿದ್ದರು.

ಈ ಮಸಿಯ ಹತ್ತಿರ ನಾವು ಸ್ವಲ್ಪ ನಿಲ್ಲಬೇಕು. ವಿರಾಜುರಿಗಳನ್ನ ಒಕ್ಕಲೆಬ್ಬಿಸಿದ ನೆಲದಲ್ಲಿ ಬಿಳಿಯ ಕಳ್ಳ ಕಳವಿಗೆ ಹೊರಡೋವಾಗ ಕರಿಯನ ಮುಖ ತೊಟ್ಟುಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಹೊಳೆಯಲ್ಲಿ ಮುಖ ತೊಳೆದರೆ ಮತ್ತೆ ಬಿಳಿಯ, ಮತ್ತೆ ಮನುಷ್ಯ. ತೊಳೆದರೆ ಹೋಗದ ಬಣ್ಣದಲ್ಲಿ ಹುಟ್ಟಿದವನು ಎಲ್ಲಿಗೆ ಹೋಗಬೇಕು?

ಇದಕ್ಕೆ ಒಂದು ವರ್ಷ ಮೊದಲು ಅದೇ ಸೀಮೆಯಲ್ಲಿ ಇನ್ನೊಂದು ದರೋಡೆ ನಡೆದಿತ್ತು. ಅದನ್ನು ಮಾಡಿದವರು ಮಸಿ ಬಳಿದುಕೊಂಡಿರಲಿಲ್ಲ. 1861ರ ಜೂನ್ 30ರಂದು ಲ್ಯಾಂಬಿಂಗ್ ಫ್ಲಾಟ್‌ನ ಬಿಳಿಯ ಗಣಿಗಾರರು ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿ, ವಾದ್ಯ ಬಾರಿಸಿಕೊಂಡು, ಧ್ವಜ ಹಿಡಿದು ಚೀನೀ ಗಣಿಗಾರರ ಗುಡಾರಗಳ ಮೇಲೆ ಬಿದ್ದರು. ಗುಡಾರ ಸುಟ್ಟರು, ಜನರನ್ನ ಬಡಿದರು, ಜಡೆಗಳನ್ನ ಕತ್ತರಿಸಿದರು. ಚಳಿಗಾಲದಲ್ಲಿ ಓಡಿದ ಸಾವಿರಕ್ಕೂ ಮೇಲ್ಪಟ್ಟ ಚೀನೀಯರಿಗೆ ಆಸರೆ ಕೊಟ್ಟವನು ಜೇಮ್ಸ್ ರಾಬರ್ಟ್ಸ್ ಅನ್ನೋ ಒಬ್ಬ ಜಮೀನುದಾರ. ಅದಕ್ಕೂ ಮೊದಲು ಇದೇ ಗಣಿಗಾರರ ವರ್ಗ ತಿಂಗಳಿಗೆ 30 ಷಿಲಿಂಗ್ ಲೈಸೆನ್ಸ್ ಶುಲ್ಕದ ವಿರುದ್ಧ ಹೋರಾಡಿತ್ತು. 1854ರ ಡಿಸೆಂಬರ್ 3ರಂದು ಪಕ್ಕದ ವಿಕ್ಟೋರಿಯಾದ ಯುರೇಕಾದಲ್ಲಿ ಸೈನ್ಯದ ಗುಂಡಿಗೆ ಎದೆಯೊಡ್ಡಿ ಸತ್ತಿತ್ತು. ಅದು ನ್ಯಾಯದ ಹೋರಾಟ, ನಾವು ಒಪ್ಪುತ್ತೇವೆ. ಆದರೆ ಯುರೇಕಾದ ಬಾವುಟದಲ್ಲಿದ್ದ ದಕ್ಷಿಣದ ನಕ್ಷತ್ರಗಳೇ ಏಳು ವರ್ಷದ ಮೇಲೆ ಚೀನೀಯರನ್ನು ಅಟ್ಟಿದವರ ಧ್ವಜದಲ್ಲೂ ಇದ್ದವು. ಮೇಲಿನವನ ಒದೆ ತಿಂದವನು ತನಗಿಂತ ಕೆಳಗೆ ಒಬ್ಬನನ್ನ ಹುಡುಕಿ ಒದೆಯೋದು. ಇದು ನಮಗೆ ಗೊತ್ತಿರೋ ವಿದ್ಯೆ. ಗೌಡನ ಕೈಲಿ ಬೈಸಿಕೊಂಡು ಬಂದವನು ಕೇರಿಗೆ ನುಗ್ಗೋದನ್ನ ನಾವು ನೋಡದ ಊರುಂಟೇ?

ಈ ಗಲಭೆಗೆ ಸಿಕ್ಕ ಶಿಕ್ಷೆ ಏನು? ಮುಖಂಡರನ್ನ ಬಿಳಿಯರ ಜ್ಯೂರಿಗಳು ಬಿಟ್ಟು ಕಳಿಸಿದವು. ಒಬ್ಬನಿಗೆ ಮಾತ್ರ ಎರಡು ವರ್ಷ ಜೈಲು. ಚೀನೀಯರಿಗೆ ಸಿಕ್ಕಿದ್ದು ಏನು? ಅದೇ 1861ರಲ್ಲಿ ಅವರ ಮೇಲೆಯೇ ಒಂದು ಕಾಯ್ದೆ! ಹಡಗು ಇಳಿಯೋ ಪ್ರತಿ ಚೀನೀಯನ ತಲೆಗೆ 10 ಪೌಂಡ್ ತೆರಿಗೆ. ಹೊಡೆದವನಿಗೆ ಕ್ಷಮೆ, ಹೊಡೆಸಿಕೊಂಡವನಿಗೆ ಕಾನೂನು.

ಈಗ ನಮ್ಮ ಗೆಳೆಯರ ನಾಯಕ ಬೆನ್ ಹಾಲ್‌ನ ವಿಚಾರ. ಅನ್ಯಾಯವಾಗಿ ಮಾತಾಡೋದು ಬೇಡ. ಅವನು ಸ್ಯಾಂಡಿ ಕ್ರೀಕ್‌ನಲ್ಲಿ ದನ ಸಾಕಿಕೊಂಡಿದ್ದವನು. ಪೊಲೀಸರು ಹಿಡಿದರು, ರುಜುವಾತಾಗದೆ ಬಿಟ್ಟರು, ಮತ್ತೆ ಹಿಡಿದರು. ಮನೆ ಸುಟ್ಟುಹೋಯಿತು, ದನ ಸತ್ತವು, ಸಂಸಾರ ಮುರಿಯಿತು. ಅವನನ್ನು ಬೆನ್ನು ಹತ್ತಿದ ಅಧಿಕಾರಿ ಪಾಟಿಂಜರ್ ಇಂಗ್ಲೆಂಡಿನ ಪದವಿವಂತರ ಮನೆತನದವನು. ಹಾಲ್ ತನ್ನ ಕೈಯಾರೆ ಯಾರನ್ನೂ ಕೊಲ್ಲಲಿಲ್ಲ, ಅವನ ಜೊತೆಗಾರರು ಇಬ್ಬರು ಪೊಲೀಸರನ್ನ ಕೊಂದರು. 1865ರ ಮೇ 5ರಂದು ಫೋರ್ಬ್ಸ್ ಹತ್ತಿರ ಪೊಲೀಸರು ಅವನನ್ನ ಸುತ್ತುವರಿದು ಹೊಡೆದಾಗ ಮೈಯಲ್ಲಿ ಮೂವತ್ತರ ಹತ್ತಿರ ಗುಂಡು. ಇದು ಕ್ರೌರ್ಯ. ನಾವು ಪೊಲೀಸರ ವಕಾಲತ್ತು ವಹಿಸಿಕೊಂಡಿಲ್ಲ.

ಆದರೆ ಅವನು ಹೋರಾಡಿದ್ದು ಏತಕ್ಕೆ? ಯಾವ ತೆರಿಗೆ ಇಳಿಯಿತು? ಯಾವ ವಿರಾಜುರಿ ಮಗುವಿಗೆ ಒಂದು ಅಡಿ ನೆಲ ಮರಳಿ ಬಂತು? ಯಾವ ಚೀನೀಯನ ಗುಡಾರ ಉಳಿಯಿತು? ಹಾಲ್‌ನ ಜಾಡು ಹಿಡಿದು ಪೊಲೀಸರನ್ನ ಅವನ ಬಳಿಗೆ ಕರೆದೊಯ್ದವನು ಬಿಲ್ಲಿ ಡಾರ್ಗಿನ್ ಅನ್ನೋ ಮೂಲನಿವಾಸಿ. ಅವನು ದ್ರೋಹಿ ಅಂತ ಕೆಲವರು ಹಲ್ಲು ಕಡಿಯುತ್ತಾರೆ. ಯಾರಿಗೆ ದ್ರೋಹಿ? ಅವನ ಜನರ ನೆಲ ಹೋಗಿ ನಲವತ್ತು ವರ್ಷವಾಗಿತ್ತು. ಆ ನೆಲದಲ್ಲಿ ದೊರೆಯ ಕುದುರೆಯೂ ಅನ್ಯರದೇ, ಕಳ್ಳನ ಕುದುರೆಯೂ ಅನ್ಯರದೇ. ಒಬ್ಬರ ಕೈಕೆಳಗೆ ದುಡಿಯದೆ ಬದುಕೋ ದಾರಿಯನ್ನೇ ಮುಚ್ಚಿದ ಮೇಲೆ ನಿಷ್ಠೆಯ ಪಾಠ ಹೇಳೋಕೆ ಯಾರಿಗೂ ಹಕ್ಕಿಲ್ಲ.

ಕ್ಷಮೆಯಲ್ಲೂ ಬಣ್ಣ ಇತ್ತು. ಗಾರ್ಡಿನರ್‌ಗೆ 1864ರಲ್ಲಿ 32 ವರ್ಷ ಶಿಕ್ಷೆ ಆಯಿತು. ಅರ್ಜಿಗಳು ಹೋದವು, ಹತ್ತು ವರ್ಷಕ್ಕೆ, 1874ರಲ್ಲಿ, ದೇಶ ಬಿಟ್ಟು ಹೋಗು ಅಂತ ಬಿಡುಗಡೆ ಮಾಡಿದರು. ಅವನು ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಹೋಗಿ ಹೆಂಡದಂಗಡಿ ನಡೆಸಿದ. ಸ್ಯಾಮ್ ಪೂ ಅನ್ನೋ ಒಬ್ಬ ಚೀನೀಯನೂ ಬುಷ್‌ರೇಂಜರ್ ಆಗಿದ್ದ. ಪೊಲೀಸನೊಬ್ಬನನ್ನ ಕೊಂದ ಆರೋಪದ ಮೇಲೆ ಅವನನ್ನ 1865ರ ಡಿಸೆಂಬರ್‌ನಲ್ಲಿ ಬಾಥರ್ಸ್ಟ್‌ನಲ್ಲಿ ಗಲ್ಲಿಗೆ ಹಾಕಿದರು. ಬೆನ್ ಹಾಲ್ ಹೆಸರು ಬಾಯಿಪಾಠ ಇರೋ ಗೆಳೆಯರು ಸ್ಯಾಮ್ ಪೂ ಹೆಸರು ಎತ್ತಿದ್ದನ್ನ ನಾವು ಒಮ್ಮೆಯೂ ಕೇಳಿಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. ಹಾಲ್‌ನಂಥವರಿಗಾಗಿ 1865ರಲ್ಲಿ ಅಲ್ಲಿಯ ಸರ್ಕಾರ ಒಂದು ಕಠೋರ ಕಾಯ್ದೆ ಮಾಡಿತು. ಹೆಸರು ಹಿಡಿದು ಕರೆದು, ಶರಣಾಗು ಅಂತ ಗಡುವು ಕೊಟ್ಟು, ಬಾರದಿದ್ದರೆ ಕಂಡವರು ಕೊಲ್ಲಬಹುದು. ಕ್ರೂರವೇ. ಆದರೂ ಅದರಲ್ಲಿ ಒಬ್ಬ ಮನುಷ್ಯನ ಹೆಸರಿತ್ತು. ಆರು ವರ್ಷದ ಮೇಲೆ, 1871ರಲ್ಲಿ, ಅದೇ ಬ್ರಿಟಿಷರು ನಮ್ಮ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಅದರಲ್ಲಿ ಹೆಸರೂ ಬೇಡ, ಗಡುವೂ ಬೇಡ, ಕಳವೂ ಬೇಡ. ಹುಟ್ಟಿದರೆ ಸಾಕು, ಕಳ್ಳ! ಆ ಕಾಯ್ದೆ ಮುಂದೆ ಹಬ್ಬಿ ಕೊರಚರು, ಗಂಟಿಚೋರರು, ಇನ್ನೂ ಎಷ್ಟೋ ಜನ ಹಾಜರಿ ಹಾಕಬೇಕಾಯಿತು. ಹುಬ್ಬಳ್ಳಿ, ಗದಗಿನಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳು ಎದ್ದವು. ಬಿಳಿಯ ಕಳ್ಳ ಪೌರುಷದ ಕತೆಯಾದ, ನಮ್ಮವರು ತೊಟ್ಟಿಲಲ್ಲೇ ರಿಜಿಸ್ಟರಿನ ನಂಬರಾದರು. ಸ್ವತಂತ್ರ ಭಾರತ ಆ ಕಾಯ್ದೆಯನ್ನ 1952ರಲ್ಲಿ ತೆಗೆಯಿತು, ಊರಿನ ಬಾಯಿಂದ ಆ ಬೈಗುಳ ಇನ್ನೂ ಹೋಗಿಲ್ಲ.

ಚಿನ್ನದ ದಾರಿ ನಮ್ಮ ಕೋಲಾರಕ್ಕೂ ಬಂತು. ನ್ಯೂಜಿಲೆಂಡ್‌ನಲ್ಲಿ ಮಾವೋರಿಗಳ ಮೇಲೆ ಯುದ್ಧ ಮಾಡಿದ ಲಾವೆಲ್ಲೆ ಅನ್ನೋ ಐರಿಷ್ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರು ಬಹುಪಾಲು ದಲಿತರು, ತಮಿಳು ಸೀಮೆಯಿಂದ ಹಸಿವು ಅಟ್ಟಿಕೊಂಡು ಬಂದವರು. ಕಲ್ಲಿನ ಧೂಳು ಅವರ ಪುಪ್ಪುಸದಲ್ಲಿ, ಚಿನ್ನ ಲಂಡನ್ನಿನಲ್ಲಿ. ಆ ಜನ ಗಾಡಿ ತಡೆಯಲಿಲ್ಲ, ಮಸಿ ಬಳಿದುಕೊಳ್ಳಲಿಲ್ಲ. ಕಳ್ಳರಂತೆ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಅಂತ ಕಂಪನಿ ಹೇಳಿದಾಗ, 1930ರಲ್ಲಿ, ಸಾವಿರಾರು ಜನ ಒಟ್ಟಿಗೆ ಕೆಲಸ ನಿಲ್ಲಿಸಿದರು. ನಾವು ಬಂಡಾಯ ಅನ್ನೋದು ಅದಕ್ಕೆ. ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸೋದಿಲ್ಲ ಅಂತ ನಿಂತು ಗಲ್ಲಿಗೇರಿದರಲ್ಲ, ಅದಕ್ಕೂ ಅನ್ನುತ್ತೇವೆ. ವಿಂಡ್ರಡೈನ್‌ಗೂ ಅನ್ನುತ್ತೇವೆ.

ಗೆಳೆಯರೆ, ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸಯನೈಡ್ ಬೆರೆತ ಮಣ್ಣಿನ ಗುಡ್ಡಗಳು ಈಗಲೂ ಅಲ್ಲೇ ಇವೆ, ಅದರ ಪಕ್ಕದ ಸಾಲುಮನೆಗಳಲ್ಲಿ ಗಣಿ ಕಾರ್ಮಿಕರ ಮಕ್ಕಳಿದ್ದಾರೆ. ಬೆಳಗಾದರೆ ಕೂಲಿಗೆ ಬೆಂಗಳೂರಿನ ರೈಲು ಹತ್ತುತ್ತಾರೆ. ಬೆನ್ ಹಾಲ್‌ನ ಕುದುರೆಯ ವರ್ಣನೆ ಮಾಡೋ ಮೊದಲು ಒಂದು ದಿನ ಆ ರೈಲು ಹತ್ತಿ. ಎದುರಿಗೆ ಕೂತವರನ್ನ ಅವರ ತಾತನ ಕೆಮ್ಮಿನ ಬಗ್ಗೆ ಕೇಳಿ. ಆಮೇಲೆ ಬನ್ನಿ, ಬಂಡಾಯದ ಮಾತಾಡೋಣ.