ಕಿರಿಯ ವಾದಕರೂ ಹಿರಿಯರ ಮೆಚ್ಚುಗೆಯೂ

ಪಿಯಾನೋ ವಾದ್ಯವನ್ನು ಜೀವನೋಪಾಯಕ್ಕಾಗಿ ಅಲ್ಲದೆ ಕೇವಲ ಪ್ರೀತಿಯಿಂದ ಅಭ್ಯಾಸಮಾಡುವ ತರುಣರು ಇಂದು ಲೋಕದ ದೊಡ್ಡ ಊರುಗಳಲ್ಲೆಲ್ಲ ಇರುವರು; ಬೆಂಗಳೂರಿನಲ್ಲಿಯೂ ಇರುವರು. ಅಂಥವನೊಬ್ಬನು ಕಾಲೇಜಿನ ಪಾಠಗಳ ನಡುವೆ ಬಿಡುವು ಮಾಡಿಕೊಂಡು, ತಿಂಗಳುಗಟ್ಟಲೆ ಸಾಧಿಸಿ, ಬೆಥೋವನನ ಸೊನಾಟವೊಂದನ್ನು ನುಡಿಸಿ, ಮೊಬೈಲ್ ಫೋನಿನಲ್ಲಿ ಮುದ್ರಿಸಿ, ತಿಳಿದವರೆಂದು ತಾನು ನಂಬಿದ ಹತ್ತು ಮಂದಿಗೆ ಕಳುಹಿಸಿ, "ಇದರಲ್ಲಿ ದೋಷಗಳೇನೆಂಬುದನ್ನು ದಯವಿಟ್ಟು ತಿಳಿಸಬೇಕು" ಎಂದು ಬೇಡಿಕೊಳ್ಳುವನು. ಬರುವ ಉತ್ತರವೇನು? ಒಬ್ಬರು "ಭೇಷ್" ಎನ್ನುವರು. ಇನ್ನೊಬ್ಬರು ಕಣ್ಣಲ್ಲಿ ನೀರು ಬಂದಿತೆನ್ನುವರು. ಮತ್ತೊಬ್ಬರು ಚಪ್ಪಾಳೆಯ ಚಿತ್ರವೊಂದನ್ನು ಕಳುಹಿಸಿ ಕೈ ತೊಳೆದುಕೊಳ್ಳುವರು. ಬಾಯಾರಿ ನೀರು ಕೇಳಿದವನಿಗೆ ಗಂಧ ಪೂಸಿ ಕಳುಹಿಸುವ ಈ ಪದ್ಧತಿಗೆ ಸುಶಿಕ್ಷಿತರ ಮನೆಗಳಲ್ಲಿ ಸೌಜನ್ಯವೆಂದು ಹೆಸರು. ಸೋಮಾರಿತನವೆಂದು ಕರೆದರೆ ಹೆಸರು ಇನ್ನಷ್ಟು ಒಪ್ಪುವುದು.

ಇಂತಹ ತರುಣರು ಬಹುಮಟ್ಟಿಗೆ ಆರಿಸಿಕೊಳ್ಳುವ ಕೃತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 'ಬೆಳದಿಂಗಳ ಸೊನಾಟ'ವೆಂದು ಪ್ರಸಿದ್ಧವಾಗಿರುವ ಆ ಕೃತಿ 1801ರಲ್ಲಿ ರಚಿತವಾಗಿ 1802ರಲ್ಲಿ ಅಚ್ಚಾಯಿತು. ಬೆಳದಿಂಗಳ ಮಾತು ಬೆಥೋವನನದಲ್ಲ. ಆತನು 1827ರಲ್ಲಿ ಕಾಲವಾದ ಮೇಲೆ ಅಂಟಿಕೊಂಡ ಹೆಸರದು. ಅದರ ಮೊದಲನೆಯ ಭಾಗದಲ್ಲಿ ವೇಗವಿಲ್ಲವಾದುದರಿಂದ ಅದು ಸುಲಭವೆಂಬ ಭ್ರಾಂತಿ ಹೊಸಬರಲ್ಲಿ ಬಲವಾಗಿದೆ. ಕರ್ತೃವು ಇಟ್ಟ ತಾಳಚಿಹ್ನೆ ಆವರ್ತಕ್ಕೆ ಎರಡೇ ಎಣಿಕೆಗಳನ್ನು ವಿಧಿಸುತ್ತದೆ. ಹೊಸಬನು ಅದನ್ನು ನಾಲ್ಕಾಗಿ ಎಣಿಸಿ, ಶೋಕಯಾತ್ರೆಯಂತೆ ಎಳೆದು, ಎಳೆದುದನ್ನೇ ಭಾವವೆಂದು ತಿಳಿಯುವನು. ಮೂರು ಮೂರಾಗಿ ಹರಿಯುವ ಸ್ವರಗಳನ್ನೂ ಅವುಗಳ ಮೇಲೆ ತೇಲುವ ರಾಗವನ್ನೂ ಬಲಗೈಯೊಂದೇ ನಡೆಸಬೇಕು. ರಾಗದ ಭಾರವೆಲ್ಲ ಬೀಳುವುದು ಅತಿ ದುರ್ಬಲವಾದ ಕಿರುಬೆರಳಿನ ಮೇಲೆ. ಅದು ಸೋತೊಡನೆ ಪಲ್ಲಕ್ಕಿಯ ದೇವರನ್ನು ಮರೆಸಿ ಹೊರುವವರೇ ಕಾಣಿಸಿಕೊಳ್ಳುವರು. ಆ ರಾಗದ ಮೊದಲಲ್ಲಿಯೇ ಬರುವ ಗಿಡ್ಡ ಸ್ವರವು ಮೂರರ ಗುಂಪಿನ ಕೊನೆಯ ಸ್ವರಕ್ಕಿಂತ ಕ್ಷಣಮಾತ್ರ ಹಿಂದಾಗಿ ಬರಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ರಾಗದ ಉಸಿರೇ ನಿಂತಿತು.

ಇನ್ನು ಪೆಡಲಿನ ವಿಚಾರ. ತಂತಿಗಳ ನಾದವನ್ನು ಅಡಗಿಸುವ ಮೆತ್ತೆಗಳನ್ನು ಈ ಭಾಗವಿಡೀ ಎತ್ತಿಯೇ ಇರಬೇಕೆಂಬುದು ಬೆಥೋವನನ ಸೂಚನೆ. ಆದರೆ ಆ ಕಾಲದ ವಿಯೆನ್ನಾದ ವಾದ್ಯದಲ್ಲಿ ನಾದವು ಬೇಗನೆ ಆರುತ್ತಿತ್ತು. ಇಂದಿನ ವಾದ್ಯದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆದುದರಿಂದ ಅಕ್ಷರಶಃ ನಡೆದವನಿಗೆ ದಕ್ಕುವುದು ಕಲಸಿದ ಅಂಬಲಿ. ಮಂದ್ರಸ್ವರ ಬದಲಾದಾಗಲೆಲ್ಲ ಪೆಡಲನ್ನು ಹೊಸದಾಗಿ ಹಿಡಿಯಬೇಕೆಂದು ಬೆಥೋವನನ ಶಿಷ್ಯನಾದ ಚೆರ್ನಿಯೇ ಬರೆದಿಟ್ಟಿರುವನು.

ಕೇಳಿದವರಲ್ಲಿ ಒಬ್ಬರಾದರೂ ಇವುಗಳಲ್ಲಿ ಒಂದು ಮಾತನ್ನು ಹೇಳಿದ್ದರೆ ಆ ಹುಡುಗನ ಮುಂದಿನ ತಿಂಗಳ ಸಾಧನೆ ಸಾರ್ಥಕವಾಗುತ್ತಿತ್ತು. ಹೇಳದೆ ಹೋದುದರ ಫಲವೋ, ತಪ್ಪೇ ಬೆರಳಿಗೆ ರೂಢಿಯಾಯಿತು. ತಪ್ಪು ರೂಢಿಯಾದ ಕೈಯನ್ನು ತಿದ್ದುವುದು ಹೊಸ ಕೈಗೆ ಕಲಿಸುವುದಕ್ಕಿಂತ ಇಮ್ಮಡಿ ಕಷ್ಟವೆಂಬುದನ್ನು ಪಾಠ ಹೇಳಿದ ಯಾರನ್ನು ಬೇಕಾದರೂ ಕೇಳಬಹುದು. ಸ್ವರ ತಪ್ಪಿದ ಮಂತ್ರವನ್ನು ಕೇಳಿ "ಕಂಠ ಇಂಪಾಗಿದೆ" ಎಂದು ತಲೆದೂಗುವ ಅಧ್ಯಾಪಕನನ್ನು ಯಾವ ಪಾಠಶಾಲೆ ಇಟ್ಟುಕೊಂಡೀತು?

ಇದೆಲ್ಲ ಪಂಡಿತರ ಒಣಗಡಸು ಎನ್ನುವವರು ಆ ಚೆರ್ನಿಯ ಚರಿತ್ರೆಯನ್ನೇ ನೋಡಲಿ. ಸುಮಾರು 1801ರಲ್ಲಿ, ಹತ್ತು ವರ್ಷದ ಹುಡುಗನಾಗಿದ್ದಾಗ, ಅವನನ್ನು ಬೆಥೋವನನ ಮನೆಗೆ ಕರೆದೊಯ್ದರು. ಹುಡುಗನು ಮೊದಲು ಮೋಟ್ಸಾರ್ಟನ ಕಂಚೆರ್ಟೋವೊಂದನ್ನೂ ಅನಂತರ ಬೆಥೋವನನದೇ 'ಪಥೆಟಿಕ್' ಸೊನಾಟವನ್ನೂ ನುಡಿಸಿದನು. ಬೆಥೋವನನು ಇವನಲ್ಲಿ ಪ್ರತಿಭೆಯುಂಟೆಂದು ಒಪ್ಪಿ ಶಿಷ್ಯನಾಗಿ ಸ್ವೀಕರಿಸಿದನು; ಸ್ವೀಕರಿಸಿ ಮಾಡಿದುದೇನು? ಅಷ್ಟು ದೊಡ್ಡ ಕೃತಿಗಳನ್ನು ನುಡಿಸಿ ಬಂದವನನ್ನು ಮೊದಲಿನ ಪಾಠಗಳಲ್ಲಿ ಬರಿಯ ಸ್ವರಾವಳಿಗೆ ಕೂರಿಸಿ, ಕೈಯಿರಿಸುವ ಬಗೆಯನ್ನೂ, ಬೆರಳುಗಳ ನಿಲುವನ್ನೂ, ವಿಶೇಷವಾಗಿ ಹೆಬ್ಬೆರಳಿನ ಬಳಕೆಯನ್ನೂ ತಿದ್ದಿದನು. ವರ್ಣ ಹಾಡಿ ಬಂದ ಹುಡುಗನನ್ನು ಸರಳೆವರಸೆಗೆ ಹಿಂದಕ್ಕೆ ಕಳುಹಿಸಿದಂತೆ! ಹುಡುಗನು ಮುರಿದುಹೋಗಲಿಲ್ಲ. 1819ರಲ್ಲಿ ಎಂಟು ವರ್ಷದ ಲಿಸ್ಟನು ಚೆರ್ನಿಯ ಎದುರಿಗೆ ನುಡಿಸಿದಾಗ ಈ ತಿದ್ದುಗೆಯೇ ಮುಂದಿನ ತಲೆಗೆ ಹರಿಯಿತು. ಆ ಬಾಲಕನ ವಾದನ ಅಸ್ತವ್ಯಸ್ತ, ಬೆರಳುಗಳ ಕ್ರಮವೇ ಅವನಿಗೆ ತಿಳಿಯದು ಎಂದು ಚೆರ್ನಿ ಕಂಡನು. ಅದರೊಡನೆ ಪ್ರಕೃತಿ ಅವನಿಗೆ ಕೊಟ್ಟುದನ್ನೂ ಕಂಡನು. ಮುಂದೆ ಅವನಿಗೆ ಪಾಠ ಹೇಳುವಾಗ ಹಣವನ್ನೇ ಮುಟ್ಟಲಿಲ್ಲ; ಸಾಧನೆಯಲ್ಲಿ ಮಾತ್ರ ಕಾಸಿನಷ್ಟೂ ರಿಯಾಯಿತಿ ತೋರಲಿಲ್ಲ. 1852ರಲ್ಲಿ, ಲೋಕವೆಲ್ಲ ತನ್ನನ್ನು ಕೊಂಡಾಡಿಯಾದ ಮೇಲೆ, ಲಿಸ್ಟನು ತನ್ನ ಅತ್ಯಂತ ಕಠಿನವಾದ ಹನ್ನೆರಡು ಸಾಧನಕೃತಿಗಳನ್ನು ಅಚ್ಚುಹಾಕಿಸಿ ಅರ್ಪಿಸಿದುದು ಕೊಂಡಾಡಿದವರಿಗಲ್ಲ, ಈ ಚೆರ್ನಿಗೆ.

ಹಾಗೆಂದು ಒರಟುತನವೇ ವಿಮರ್ಶೆಯೆಂದು ಯಾರೂ ಬಗೆಯಬೇಕಾಗಿಲ್ಲ. 1816ರಲ್ಲಿ ಬೆಥೋವನನ ಪಂಚವಾದ್ಯಕೃತಿಯೊಂದನ್ನು ನುಡಿಸುವಾಗ ಚೆರ್ನಿಯು ಯೌವನದ ಚಾಪಲ್ಯದಿಂದ ಕೆಲವು ಅಲಂಕಾರಗಳನ್ನು ತಾನೇ ಸೇರಿಸಿದನು. ಬೆಥೋವನನು ಹತ್ತು ಜನರ ಎದುರಿಗೇ ಸಿಡಿದನು. ಮರುದಿನ ಪತ್ರ ಬರೆದು ಆ ಸಿಡುಕಿಗಾಗಿ ನೊಂದುಕೊಂಡನು. ಬರೆದಂತೆಯೇ ತನ್ನ ಕೃತಿಯನ್ನು ಕೇಳಬೇಕೆಂಬ ಬಯಕೆಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಧ್ವನಿಗೆ ಕ್ಷಮೆ ಬೇಡಬಹುದು, ದೋಷವನ್ನು ಗುಣವೆನ್ನುವಂತಿಲ್ಲ. ಈ ಭೇದವನ್ನರಿಯದೆ, ಹಾಡಿದವರನ್ನೆಲ್ಲ ಹೀಯಾಳಿಸುವುದೇ ಪಾಂಡಿತ್ಯವೆಂದುಕೊಂಡ ಪಂಡಿತಂಮನ್ಯರೂ ಇರುವರು. 'ಮಾಲವಿಕಾಗ್ನಿಮಿತ್ರ'ದಲ್ಲಿ ಮಾಲವಿಕೆಯ ನೃತ್ಯ ಮುಗಿದಾಗ ದೋಷವೊಂದುಂಟೆಂದು ಕೂಗುವವನು ವಿದೂಷಕ. ಅಂಗ ಅಂಗವಾಗಿ ವಿಚಾರಿಸಿ ತೀರ್ಪು ಕೊಡುವವಳು ಪರಿವ್ರಾಜಿಕೆ. ಕಾಳಿದಾಸನು ಯಾರನ್ನು ಪ್ರಾಶ್ನಿಕಳಾಗಿ ಕೂರಿಸಿದನೆಂಬುದನ್ನು ಇವರು ನೆನೆಯಬೇಕು.

ಈಗ ಉಳಿದಿರುವುದು ಆಕ್ಷೇಪಗಳಲ್ಲೆಲ್ಲ ಹೆಚ್ಚು ಕೇಳಿಬರುವುದು: "ಅವನೇನು ವಿದ್ವಾಂಸನಾಗಬೇಕೆ? ಹವ್ಯಾಸಕ್ಕೆ ನುಡಿಸುತ್ತಾನೆ, ನುಡಿಸಲಿ ಬಿಡಿ." ದಯೆಯಂತೆ ತೋರುವ ಈ ಮಾತಿನೊಳಗೆ ತಿರಸ್ಕಾರವಿದೆ. ವೃತ್ತಿಯ ವಾದಕನು ಕೆಟ್ಟು ನುಡಿಸಿದರೆ ಸಭೆ ಬರಿದಾಗುವುದು, ಕರೆಯುವವರು ಕಡಿಮೆಯಾಗುವರು. ಅವನಿಗೆ ಬುದ್ಧಿ ಹೇಳಲು ಲೋಕವೇ ಇದೆ. ಹವ್ಯಾಸಿಗೆ ಟಿಕೇಟಿಲ್ಲ, ಪತ್ರಿಕೆಯ ವಿಮರ್ಶೆಯಿಲ್ಲ. ಅವನಿಗಿರುವುದು ತಾನಾಗಿ ಕೇಳಿ ಪಡೆದ ನಾಲ್ಕು ಮಾತು ಮಾತ್ರ. ಅದನ್ನೂ ಸುಳ್ಳು ಮಾಡಿದರೆ ಅವನಿಗೆ ಉಳಿದುದೇನು? ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ನುಡಿಸಿ ಹೊಟ್ಟೆ ಹೊರೆಯಬೇಕಾಗಿರಲಿಲ್ಲ. ಅರಮನೆಯಲ್ಲಿ ಮೆಚ್ಚುವವರಿಗೆ ಬರವೂ ಇರಲಿಲ್ಲ. ಆದರೂ ಅವರು ಲಂಡನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಆದರು. ಹವ್ಯಾಸವನ್ನು ಅಷ್ಟು ಗಂಭೀರವಾಗಿ ಹಿಡಿದ ಕಿವಿಯಿಂದಲೇ ರಷ್ಯದ ಮೆಟ್ನರನ ಹಿರಿಮೆಯನ್ನರಿತು, ಅವನ ಕೃತಿಗಳ ಮುದ್ರಣಕ್ಕೆ ಧನಸಹಾಯ ಮಾಡಿದರು. ಮೆಟ್ನರನು ತನ್ನ ಮೂರನೆಯ ಕಂಚೆರ್ಟೋವನ್ನು ಅವರಿಗೆ ಅರ್ಪಿಸಿದನು.

ಲಂಡನಿನಲ್ಲಿ 1889ರಲ್ಲಿ ಸ್ಥಾಪಿತವಾದ ರಾಜಮಾನ್ಯ ಸಂಗೀತಶಾಲೆಗಳ ಪರೀಕ್ಷಾಮಂಡಳಿಯು 2020ರಿಂದ ಮುದ್ರಿತ ವಾದನವನ್ನೇ ಪರೀಕ್ಷೆಗೆ ಸ್ವೀಕರಿಸುತ್ತಿದೆ. ನಾಲ್ಕು ಕೃತಿಗಳನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ಮುದ್ರಿಸಬೇಕು. ಕೃತಿಯೊಂದಕ್ಕೆ 30, ಒಟ್ಟು ನಿರ್ವಹಣೆಗೆ 30, ಹೀಗೆ 150 ಅಂಕಗಳು. 100 ಬಂದರೆ ತೇರ್ಗಡೆ. ಕಣ್ಣೆದುರಿಗಿಲ್ಲದ ವಾದಕನನ್ನು ಹೀಗೆ ವಿಚಾರಿಸುವುದು ಅಪರಿಚಿತನಾದ ಪರೀಕ್ಷಕನಿಗೆ ಸಾಧ್ಯವಾದರೆ ಸೋದರಮಾವನಿಗೆ ಏಕೆ ಸಾಧ್ಯವಾಗದು? ಮುದ್ರಣವನ್ನು ಎರಡನೆಯ ಸಲ ಕೇಳಬಹುದು, ತಪ್ಪಿದ ಆವರ್ತದಲ್ಲಿ ನಿಲ್ಲಿಸಬಹುದು, ಪುಸ್ತಕ ತೆರೆದು ಹೋಲಿಸಬಹುದು. ಚೆರ್ನಿಗೂ ದೊರೆಯದಿದ್ದ ಅನುಕೂಲಗಳಿವು. ಅಷ್ಟು ವ್ಯವಧಾನವಿಲ್ಲದವರು, ಅಥವಾ ಆ ಸಂಗೀತದ ಗಂಧವೇ ಇಲ್ಲದವರು, "ಇದು ತಿಳಿಯದು, ಬೇರೆಯವರನ್ನು ಕೇಳು" ಎಂದು ಒಂದು ಸಾಲು ಬರೆದರೆ ಸಾಕು. ಹುಡುಗನು ಅದೇ ಸಂಜೆ ಬೇರೊಬ್ಬರಿಗೆ ಕಳುಹಿಸಿಯಾನು.