ತಿಳಿ ನಮಗೆ, ಗಸಿ ಗಿಡಕ್ಕೆ

ಕವಿಸಮಯಗಳನ್ನು ಪಾಠ ಹೇಳುವಾಗ ಅಧ್ಯಾಪಕನಾದವನಿಗೆ ಒಂದು ಬಗೆಯ ನಿಶ್ಚಿಂತೆ. ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ, ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಕಳೆದ ವರ್ಷ ದಾಂಡೇಲಿಯಲ್ಲಿ ಇಂಥದೇ ಒಂದು ಪಾಠ ನಡೆದಿತ್ತು. ಅಶೋಕವು ತರುಣಿಯ ಪಾದಾಘಾತದಿಂದ ಹೂಬಿಡುವುದೆಂದೂ, ಬಕುಳವು ಆಕೆ ಬಾಯಿತುಂಬ ತೆಗೆದುಕೊಂಡು ಉಗುಳಿದ ಮದ್ಯದಿಂದ ಅರಳುವುದೆಂದೂ ಹೇಳಿ, ಇದಕ್ಕೆ ‘ದೋಹದ’, ಅಂದರೆ ಬಸಿರಿಯ ಬಯಕೆ, ಎಂಬ ಹೆಸರು ಬಂದುದನ್ನು ವಿವರಿಸಿ, ಕಾಳಿದಾಸನು ‘ಮೇಘದೂತ’ದಲ್ಲಿ ಈ ಎರಡು ಮರಗಳನ್ನೂ ಯಕ್ಷನ ಮನೆಯ ಅಂಗಳದಲ್ಲಿ ಜೊತೆಯಾಗಿ ನಿಲ್ಲಿಸಿದ್ದಾನೆಂದು ಮುಗಿಸಿದೆ. ಜೊಯಿಡಾದ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ನಮ್ಮ ಮನೆಯಲ್ಲಿ ಅಜ್ಜಿ ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಹಾಕುತ್ತಾರೆ. ಅದೂ ಕವಿಸಮಯವೇ?” ಎಂದು ಕೇಳಿದಳು.

ತರಗತಿ ನಕ್ಕಿತು, ನಾನೂ ನಕ್ಕೆ. “ಅದು ಕವಿಸಮಯವಲ್ಲಮ್ಮ, ಅಡುಗೆಸಮಯ” ಎಂದು ಮಾತಿನ ಚಮತ್ಕಾರದಿಂದ ಪಾರಾದೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ನನ್ನ ಬಾಡಿಗೆ ಮನೆಯ ಜಗುಲಿಯಲ್ಲಿ ಒಂದು ಖಾಲಿ ಕುಂಡವಿದ್ದಿತು, ಮತ್ತು ಅದು ಖಾಲಿಯಾದುದಕ್ಕೆ ಕಾರಣ ನಾನೇ ಆಗಿದ್ದೆ.

ಅದರಲ್ಲಿ ಮೊದಲು ಮಲ್ಲಿಗೆಯಿತ್ತು. ಊರಿನಿಂದ ತಾಯಿ ಕೊಟ್ಟು ಕಳುಹಿಸಿದ ಬಳ್ಳಿ. ಅದು ಹೂಬಿಡಲು ತಡಮಾಡಿತೆಂದು, ಫೋನಿನಲ್ಲಿ ಯಾರೋ ತೋರಿಸಿದ ಮಾತನ್ನು ನಂಬಿ, ಬೆಲ್ಲದ ನೀರಿಗೆ ಹುಳಿಮಜ್ಜಿಗೆ ಬೆರೆಸಿ, ನಾಲ್ಕು ದಿನ ಮುಚ್ಚಿಟ್ಟು, ನೊರೆಯೆದ್ದ ಆ ದ್ರವವನ್ನು ಒಂದು ತಂಬಿಗೆಯಷ್ಟು ಹಾಗೆಯೇ ಬುಡಕ್ಕೆ ಸುರಿದೆ. ಮೂರು ದಿನ ಬಿಟ್ಟು ಇನ್ನೊಂದು ತಂಬಿಗೆ. ವಾರ ಕಳೆಯುವುದರೊಳಗೆ ಮಣ್ಣು ನಾರತೊಡಗಿತು, ಎಲೆ ಹಳದಿಯಾಯಿತು, ಬಳ್ಳಿ ಸತ್ತಿತು. ಹಳಿಯಾಳ ಕಡೆಯವರಾದ ನೆರೆಮನೆಯ ಅಜ್ಜಿ ಕುಂಡವನ್ನು ನೋಡಿ, “ಮಾಸ್ತರ, ಸಣ್ಣ ಕೂಸಿಗೆ ಯಾರರೆ ಹುಳಿಮಜ್ಜಿಗಿ ಹಂಗ ಕುಡಸ್ತಾರೇನ್ರಿ? ನೀರ ಕೂಡಸಬೇಕಿತ್ತರಿ” ಎಂದರು. ಅಷ್ಟು ಓದಿದ ನನಗೆ ತಿಳಿಯದೆ ಹೋದುದು ಆ ಒಂದು ಮಾತು: ನೀರು ಕೂಡಿಸಬೇಕು.

ಹುಳಿಯುವುದೆಂದರೇನು? ಅದು ಜೀವಿಗಳ ಕೆಲಸವೆಂದು ೧೮೫೭ರಲ್ಲಿ ಲೂಯಿ ಪಾಶ್ಚರನು ಹಾಲಿನ ಹುಳಿಯನ್ನು ಪರೀಕ್ಷಿಸಿ ತೋರಿಸಿದನು. ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆಯನ್ನು ತಿಂದು, ಹಾಲಿನಲ್ಲಿ ಆಮ್ಲವನ್ನೂ ಕಳ್ಳಿನಲ್ಲಿ ಮದ್ಯಸಾರವನ್ನೂ ಉಳಿಸುತ್ತವೆ. ಈ ದ್ರವವನ್ನು ಮಣ್ಣಿಗೆ ಸುರಿದಾಗ ಉಳಿದ ಸಕ್ಕರೆಗಾಗಿ ಮಣ್ಣಿನ ಸೂಕ್ಷ್ಮಜೀವಿಗಳು ಮುಗಿಬೀಳುತ್ತವೆ. ಒಮ್ಮೆಲೇ ಬೆಳೆಯುವ ಅವಸರದಲ್ಲಿ ಮಣ್ಣಿನಲ್ಲಿದ್ದ ಪ್ರಾಣವಾಯುವನ್ನೂ ಸಾರಜನಕವನ್ನೂ ತಾವೇ ಹೀರಿಕೊಳ್ಳುತ್ತವೆ. ವಿಶಾಲವಾದ ತೋಟದಲ್ಲಿ ಇದು ಹೇಗೋ ಸರಿಹೋಗುತ್ತದೆ. ಅಂಗೈಯಗಲದ ಕುಂಡದಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ. ನನ್ನ ಮಲ್ಲಿಗೆ ಹಸಿವಿನಿಂದ ಸಾಯಲಿಲ್ಲ, ಉಪಚಾರದಿಂದ ಸತ್ತಿತು.

ಮದ್ಯಸಾರದ ಸಂಗತಿ ಇನ್ನೂ ವಿನೋದಕರವಾದುದು. ಪ್ರವಾಸಿಗರು ತುಂಬುವ ನಮ್ಮ ದಾಂಡೇಲಿಯಲ್ಲಿ, ಮಿಕ್ಕ ಬಿಯರನ್ನು ಗುಲಾಬಿಗೆ ಹೊಯ್ದರೆ ಹೂವು ಗೊಂಚಲುಗೊಂಚಲಾಗಿ ಬಿಡುವುದೆಂದು ನಂಬಿದವರು ಕೆಲವರಿದ್ದಾರೆ. ಬಕುಳದ ದೋಹದವೇ ಗುಲಾಬಿಗೆ ದಾಟಿ ಬಂದಂತೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್ ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ನಂಬಿಕೆಗೆ ಉತ್ತರ ಕೊಡುತ್ತದೆ. ನಾರ್ಸಿಸಸ್ ಜಾತಿಯ ಹೂಗೆಡ್ಡೆಗಳಿಗೆ ನೂರಕ್ಕೆ ೪ರಿಂದ ೬ ಪಾಲು ಮದ್ಯಸಾರವಿರುವ ನೀರನ್ನು ಕೊಟ್ಟಾಗ ಗಿಡ ಎಂದಿಗಿಂತ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಗಿಡ್ಡವಾಯಿತು. ಹೂವು ಮಾತ್ರ ಎಂದಿನಂತೆಯೇ ಬಿಟ್ಟಿತು. ಮದ್ಯಸಾರವು ಬೇರು ನೀರು ಕುಡಿಯುವುದನ್ನು ತಡೆಯುತ್ತದೆ. ಆ ನೀರಡಿಕೆಯೇ ಗಿಡ್ಡತನಕ್ಕೆ ಕಾರಣ. ಪ್ರಮಾಣ ನೂರಕ್ಕೆ ೧೦ನ್ನು ಮೀರಿದರೆ ಅದು ವಿಷವೇ. ಬಿಯರೂ ದ್ರಾಕ್ಷಾರಸವೂ, ಅವುಗಳಲ್ಲಿನ ಸಕ್ಕರೆಯ ದೆಸೆಯಿಂದ, ಈ ಕೆಲಸಕ್ಕೂ ಒದಗಲಿಲ್ಲ. ಆದುದರಿಂದ ಮದ್ಯವು ಗಿಡಕ್ಕೆ ಗೊಬ್ಬರವಲ್ಲ. ಕಾಳಿದಾಸನ ಬಕುಳ ಕಾವ್ಯದಲ್ಲಿಯೇ ಅರಳಲಿ.

ಹಾಗಾದರೆ ಅಜ್ಜಿಯ ಮಜ್ಜಿಗೆಯೂ ಸುಳ್ಳೇ? ಇಲ್ಲ. ಇಲ್ಲಿಯೇ ನಾವು ತಿಳಿಯಬೇಕಾದ ಭೇದವಿರುವುದು. ಗಿಡವನ್ನು ಪೋಷಿಸುವುದು ಹುಳಿಯಲ್ಲ, ಅಮಲಲ್ಲ. ತಿಳಿಯನ್ನು ನಾವು ಬಸಿದುಕೊಂಡ ಮೇಲೆ ತಳದಲ್ಲಿ ನಿಲ್ಲುವ ಗಸಿ. ಬೆಳೆ ನೆಲದಿಂದ ಎತ್ತಿ ತಂದ ಪೊಟ್ಯಾಷ್, ರಂಜಕ, ಸುಣ್ಣ, ಸಾರಜನಕಗಳಲ್ಲಿ ಮಿಕ್ಕುದು ಅದರಲ್ಲಿಯೇ ಇರುತ್ತದೆ. ಮನುಷ್ಯನಿಗೆ ಬೇಕಾದುದು ತಿಳಿ, ಗಿಡಕ್ಕೆ ಬೇಕಾದುದು ಗಸಿ. ಈ ಹಂಚಿಕೆಯಲ್ಲಿ ಜಗಳಕ್ಕೆ ಎಡೆಯೇ ಇಲ್ಲ.

ಇದು ಅಡುಗೆಮನೆಯ ಮಾತೆಂದು ಉಪೇಕ್ಷಿಸುವವರು ಹಳಿಯಾಳದ ದಾರಿಯಲ್ಲಿ ಒಮ್ಮೆ ನಿಂತು ನೋಡಬೇಕು. ಅರೆಮಲೆನಾಡಿನ ಆ ಸೀಮೆಯಿಂದ ಕಬ್ಬು ಗಾಡಿಗಾಡಿಯಾಗಿ ಕಾರ್ಖಾನೆಗೆ ಹೋಗುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ. ಕಾಕಂಬಿಯನ್ನು ಹುಳಿಸಿ ಬಟ್ಟಿಯಿಳಿಸಿದರೆ ಮದ್ಯಸಾರ. ಒಂದು ಲೀಟರ್ ಮದ್ಯಸಾರಕ್ಕೆ ಹತ್ತು ಲೀಟರಿನ ಆಸುಪಾಸು ಕಡುಗಂದು ನೀರು ಹಿಂದುಳಿಯುತ್ತದೆ. ಇದೇ ಆ ಮಹಾಪಾನೀಯದ ಗಸಿ. ನೇರವಾಗಿ ಹಳ್ಳಕ್ಕೆ ಬಿಟ್ಟರೆ ನೀರಿನ ಪ್ರಾಣವಾಯುವೆಲ್ಲ ತೀರಿ ಮೀನು ಸಾಯುತ್ತದೆ, ನನ್ನ ಕುಂಡದಲ್ಲಿ ಮಲ್ಲಿಗೆ ಸತ್ತ ರೀತಿಯಲ್ಲಿಯೇ. ಅದನ್ನೇ ಇಂಗಿಸಿ ಸುಟ್ಟರೆ, ಬೂದಿಯಲ್ಲಿ ಕಬ್ಬು ನೆಲದಿಂದ ಹೀರಿದ್ದ ಪೊಟ್ಯಾಷ್ ಮರಳಿ ದೊರೆಯುತ್ತದೆ. ಕೇಂದ್ರ ಸರ್ಕಾರವು ೨೦೨೧ರಲ್ಲಿ ಕಾಕಂಬಿಯ ಪೊಟ್ಯಾಷನ್ನು ಗೊಬ್ಬರದ ಸಹಾಯಧನದ ಪಟ್ಟಿಗೆ ಸೇರಿಸಿತು. ಅದರಲ್ಲಿರುವುದು ನೂರಕ್ಕೆ ೧೪.೫ ಪಾಲು ಪೊಟ್ಯಾಷ್. ಪೊಟ್ಯಾಷಿಗಾಗಿ ಹೊರದೇಶಗಳ ಕೈನೋಡುವ ನಮ್ಮ ನಾಡಿಗೆ ಇದು ಅಲ್ಪ ವಿಷಯವಲ್ಲ. ಹೊಲದಿಂದ ತಂದುದನ್ನು ಹೊಲಕ್ಕೆ ಒಪ್ಪಿಸುವುದು: ಅಜ್ಜಿ ತಂಬಿಗೆಯಲ್ಲಿ ಮಾಡಿದುದನ್ನೇ ಕಾರ್ಖಾನೆ ಕುಲುಮೆಯಲ್ಲಿ ಮಾಡುತ್ತದೆ.

ಈ ವಿವೇಕ ನಮಗೆ ಹೊಸದೂ ಅಲ್ಲ. ಕನ್ನಡದಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಕ್ರಿ. ಶ. ೧೦೨೫ರ ಸುಮಾರಿನಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದುದು; ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಈತನು ಬೇರೆ. ಇದರಲ್ಲಿ ಸೂಪಶಾಸ್ತ್ರವೂ ಇದೆ, ವೃಕ್ಷಾಯುರ್ವೇದವೂ ಇದೆ. ಅಡುಗೆಯನ್ನೂ ಗಿಡಗಳ ಆರೈಕೆಯನ್ನೂ ಒಂದೇ ಹೊತ್ತಗೆಯಲ್ಲಿ ಹೇಳಿದ ಆ ಲೋಕಜ್ಞನ ದೃಷ್ಟಿಯನ್ನು ನಾವು ಗಮನಿಸಬೇಕು. ಅವನಿಗೆ ಒಲೆಯೂ ಬೇಲಿಯೂ ಒಂದೇ ಮನೆಯವು. ಸಂಸ್ಕೃತದಲ್ಲಿ ಸುರಪಾಲನ ‘ವೃಕ್ಷಾಯುರ್ವೇದ’ವು ಮಾಂಸ ಮಜ್ಜೆಗಳನ್ನು ಬೇಯಿಸಿ ಕೊಳೆಸಿದ ‘ಕುಣಪಜಲ’ವನ್ನು ವಿಧಿಸುತ್ತದೆ. ಹೆಸರಿಗೇ ಮೂಗು ಮುಚ್ಚಿಕೊಳ್ಳುವಂಥದು. ಆದರೂ ತತ್ತ್ವ ಅದೇ.

ಗ್ರಂಥಗಳಲ್ಲಿ ಮಾತ್ರವಲ್ಲ, ನಮ್ಮ ಮಾತಿನಲ್ಲಿಯೂ ಇದು ಉಳಿದಿದೆ. ಅಕ್ಕಿ ತೊಳೆದ ನೀರನ್ನು ‘ಅಕ್ಕಚ್ಚು’ ಎನ್ನುತ್ತೇವೆ. ಪಾತ್ರೆ ತೊಳೆದ ಮುಸುರೆ ಬೆರೆತು ಹುಳಿಯುವುದು ‘ಕಲಗಚ್ಚು’. ಹೆಸರಿಟ್ಟವರು ಅದನ್ನು ಕೊಳಚೆಯೆಂದು ಬಗೆದಿರಲಿಲ್ಲ. ಕೊಳಚೆಗೆ ಯಾರೂ ಇಷ್ಟು ಜತನದಿಂದ ಬೇರೆ ಬೇರೆ ಹೆಸರಿಡುವುದಿಲ್ಲ. ಕೊಟ್ಟಿಗೆಯ ದನಕ್ಕೆ ಒಂದು ಪಾಲು, ಹಿತ್ತಿಲ ಬಾಳೆಗೆ ಒಂದು ಪಾಲು. ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಂತೂ ಹುಳಿಯ ಸಂಪತ್ತಿಗೆ ಕೊರತೆಯಿಲ್ಲ. ಜೊಯಿಡಾದ ಗಡಿಯಾಚೆ ಗೋವೆಯಲ್ಲಿ ಗೇರುಹಣ್ಣಿನ ರಸ ಹುಳಿತು ಫೆನಿಯಾಗುತ್ತದೆ. ೧೯೬೬ರಿಂದ ಮುಂಡಗೋಡದಲ್ಲಿ ನೆಲೆನಿಂತ ಟಿಬೆಟಿಯನ್ನರ ಸಂಪ್ರದಾಯದಲ್ಲಿ ಬಾರ್ಲಿಯ ‘ಛಾಂಗ್’ ಇದೆ. ಅಂಬಲಿ, ಮಜ್ಜಿಗೆಗಳು ಎಲ್ಲರ ಮನೆಯವು. ಕುಡಿದುದು ಯಾವುದಾದರೂ ಆಗಲಿ, ಪಾತ್ರೆಯ ತಳದಲ್ಲಿ ಉಳಿಯುವುದಕ್ಕೆ ಜಾತಿಭೇದವಿಲ್ಲ.

ಈಗ ವಿಪರೀತ ಎರಡು ಕಡೆಯಿಂದ ಬಂದಿದೆ. ಒಂದು ಕಡೆ ಅಕ್ಕಚ್ಚು ಸಿಂಕಿನ ಕೊಳವೆಯಲ್ಲಿ ಇಳಿದುಹೋಗುತ್ತದೆ. ಇನ್ನೊಂದು ಕಡೆ ಅದೇ ಮನೆಯವರು ಪೇಟೆಯಿಂದ ಹುಳಿನೀರಿನ ಬಾಟಲಿಯನ್ನು ಹಣ ಕೊಟ್ಟು ತರುತ್ತಾರೆ. ಬಾಟಲಿಯ ಮೇಲೆ ಬರೆದಿರುವುದು ‘ಅಮೃತ’. ಈ ಶಬ್ದದ ಬಗೆಗೆ ಭಾಷೆಯ ಅಧ್ಯಾಪಕನಾಗಿ ನನ್ನದೊಂದು ಆಕ್ಷೇಪಣೆಯಿದೆ. ಅಮೃತಕ್ಕೆ ಅಳತೆಯಿಲ್ಲ, ಗೊಬ್ಬರಕ್ಕೆ ಅಳತೆಯಿಲ್ಲದೆ ಸಾಗದು.

ಸುಭಾಷ್ ಪಾಳೇಕರರ ಜೀವಾಮೃತವನ್ನೇ ನೋಡೋಣ. ೨೦೦ ಲೀಟರ್ ನೀರಿಗೆ ೧೦ ಕಿಲೋ ಸಗಣಿ, ೫ರಿಂದ ೧೦ ಲೀಟರ್ ಗಂಜಲ, ೨ ಕಿಲೋ ಬೆಲ್ಲ, ೨ ಕಿಲೋ ಬೇಳೆಯ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇಷ್ಟು ಒಂದು ಎಕರೆಗೆ. ಇದರಲ್ಲಿನ ಸಾರಜನಕವನ್ನು ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ ಕಾಲು ಕಿಲೋದ ಸುತ್ತಮುತ್ತ ನಿಲ್ಲುತ್ತದೆ. ಒಂದು ಎಕರೆಯ ಒಳ್ಳೆಯ ಭತ್ತದ ಬೆಳೆಯಾದರೋ ಇಪ್ಪತ್ತು ಕಿಲೋಗೂ ಮಿಕ್ಕು ಬೇಡುತ್ತದೆ. ಇದು ಊಟವಲ್ಲ, ಮಣ್ಣಿನ ಜೀವಿಗಳನ್ನು ಎಬ್ಬಿಸುವ ಕರೆ ಎಂದು ಪ್ರತಿಪಾದಕರು ಹೇಳುವರು. ಒಪ್ಪೋಣ, ಆದರೆ ಕರೆದ ಮೇಲೆ ಉಣ್ಣಲು ಎಲೆಯಲ್ಲಿ ಏನಾದರೂ ಇರಬೇಕಷ್ಟೆ! ಸ್ವಿಟ್ಸರ್ಲೆಂಡಿನ ಜೂರಿಕ್‌ನಲ್ಲಿ ೨೦೦೩ರಿಂದ ೨೦೦೬ರವರೆಗೆ ನಾಲ್ಕು ವರ್ಷ ನಡೆದ ಹೊಲದ ಪರೀಕ್ಷೆಯೊಂದರಲ್ಲಿ, ಜಪಾನಿನ ತೆರುವೊ ಹಿಗಾ ಪ್ರಚಾರಕ್ಕೆ ತಂದ ಸೂಕ್ಷ್ಮಜೀವಿಗಳ ಹುಳಿಯನ್ನು ಜೀವಂತವಾಗಿಯೂ ಕೊಟ್ಟು ನೋಡಿದರು, ಅದರೊಳಗಿನ ಜೀವಿಗಳನ್ನು ಕೊಂದೂ ಕೊಟ್ಟು ನೋಡಿದರು. ಕಂಡ ಅಲ್ಪ ಪರಿಣಾಮ ಅದರೊಂದಿಗೆ ಹೋದ ಪೋಷಕಾಂಶಗಳದೇ ಹೊರತು ಜೀವಿಗಳದಲ್ಲವೆಂದು ತಿಳಿದುಬಂದಿತು. ಅಲ್ಲಿಯೂ ಗೆದ್ದುದು ಗಸಿಯೇ.

ಹೀಗೆಂದು ಜೀವಾಮೃತ ಮಾಡುವ ರೈತನನ್ನು ನಾನು ಹಳಿಯುತ್ತಿಲ್ಲ. ಅವನು ಸಗಣಿಯನ್ನು ವ್ಯರ್ಥಮಾಡಲಿಲ್ಲ, ಸಾಲವನ್ನು ಮಾಡಲಿಲ್ಲ, ಮೇಲಾಗಿ ನೀರು ಕೂಡಿಸಿದನು. ತಮಿಳುನಾಡಿನ ಕೊಡುಮುಡಿಯ ವೈದ್ಯ ಕೆ. ನಟರಾಜನ್ ಅವರ ಪಂಚಗವ್ಯದಲ್ಲಿ ಕಳ್ಳೂ ಸೇರುತ್ತದೆ. ಆದರೆ ಬೆಳೆಗೆ ಸಿಂಪಡಿಸುವುದು ೧೦೦ ಲೀಟರ್ ನೀರಿಗೆ ೩ ಲೀಟರಿನಂತೆ. ಬಲ್ಲವರೆಲ್ಲ ಕಡೆಗೆ ಬಂದು ನಿಲ್ಲುವುದು ನೆರೆಮನೆಯ ಅಜ್ಜಿಯ ಮಾತಿಗೇ.

ಆದುದರಿಂದ ಕುಂಡದಲ್ಲಿ ಗಿಡ ಬೆಳೆಸುವ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹುಳಿನೀರನ್ನು ಕೊಳ್ಳಬೇಡಿ, ಮನೆಯಲ್ಲಿ ಮಿಕ್ಕುದನ್ನು ಚೆಲ್ಲಲೂಬೇಡಿ. ಒಂದು ಪಾಲು ಹುಳಿಗೆ ಹತ್ತು ಪಾಲಿಗೆ ಕಡಮೆಯಿಲ್ಲದಂತೆ ನೀರು ಕೂಡಿಸಿ, ಹದಿನೈದು ದಿನಕ್ಕೊಮ್ಮೆ, ತಳದಲ್ಲಿ ತೂತಿರುವ ಕುಂಡಕ್ಕೆ ಮಾತ್ರ ಹಾಕಿರಿ. ಉಪ್ಪು ಬಿದ್ದ ಮಜ್ಜಿಗೆ, ಉಪ್ಪು ಹಾಕಿದ ದೋಸೆಹಿಟ್ಟಿನ ತೊಳೆನೀರು ಬೇಡವೇ ಬೇಡ. ಉಪ್ಪು ಕುಂಡದಲ್ಲಿ ನಿಂತು ಬೇರನ್ನು ಸುಡುತ್ತದೆ. ಜೊಯಿಡಾದ ಮಳೆಗಾಲದಲ್ಲಿ ಹಾಕಿದುದು ಹಾಗೆಯೇ ಕೊಚ್ಚಿಹೋಗುವುದರಿಂದ ಆಗ ಸುಮ್ಮನಿರುವುದೇ ಲೇಸು. ಮತ್ತು ಇದನ್ನು ಕಾಂಪೋಸ್ಟಿನ ಬದಲಿಗಲ್ಲ, ಅದರ ಜೊತೆಗೆ ಎಂದು ತಿಳಿಯಿರಿ.

ಈ ವರ್ಷ ದೋಹದದ ಪಾಠ ಮತ್ತೆ ಬಂದಿತು. ಈ ಸಲ ನಾನು ಪ್ರಶ್ನೆಗೆ ಕಾಯಲಿಲ್ಲ. ಮನೆಯಲ್ಲಿ ಅಕ್ಕಿ ತೊಳೆದ ನೀರಿಗೆ, ಗಂಜಿಯ ತಿಳಿಗೆ, ಮಜ್ಜಿಗೆಯ ತಳಕ್ಕೆ ಏನೆನ್ನುವರು, ಯಾವ ಗಿಡಕ್ಕೆ ಎಷ್ಟು ಹಾಕುವರು ಎಂದು ಹಿರಿಯರನ್ನು ಕೇಳಿ ಬರೆದು ತನ್ನಿರೆಂದೆ. ಕನ್ನಡ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ತಂದ ಹಾಳೆಗಳು ಈಗ ನನ್ನ ಮೇಜಿನ ಮೇಲಿವೆ. ಹೆಸರು ತಂದವರು ಬಹಳ ಮಂದಿ. ಅಳತೆ ತಂದವರು ಕೆಲವರೇ. ಹೆಸರು ನಿಘಂಟಿನಲ್ಲಿ ಉಳಿಯಬಹುದು. ಅಳತೆ ಉಳಿಯುವುದು ಕೈಯಲ್ಲಿ. ಆ ಕೈಗಳಿಗೆ ಈಗ ವಯಸ್ಸಾಗಿದೆ. ಕಳೆದ ವರ್ಷ ಪ್ರಶ್ನೆ ಕೇಳಿದ ಆ ಹುಡುಗಿಯನ್ನೂ ಕರೆದು ವಿಚಾರಿಸಿದೆ. ಅವಳ ಅಜ್ಜಿಯ ಲೆಕ್ಕ ಒಂದು ಸೌಟು ಮಜ್ಜಿಗೆಗೆ ಒಂದು ಕೊಡ ನೀರು. ನಾನು ಅದನ್ನು ‘ಮೇಘದೂತ’ದ ಟಿಪ್ಪಣಿಯ ಪಕ್ಕದಲ್ಲಿಯೇ ಬರೆದಿಟ್ಟುಕೊಂಡಿದ್ದೇನೆ. ಕುಂಡಕ್ಕೆ ಹೊಸ ಮಲ್ಲಿಗೆ ಬಂದಿದೆ.