ತಾಮ್ರದ ರೇಟ್ ಏರಿದರೆ ಯಾರ ಬೋರ್‌ವೆಲ್ ನಿಲ್ಲುತ್ತೆ?

"ಇವಿ ಬರ್ತಿದೆ, ಡೇಟಾ ಸೆಂಟರ್ ಬರ್ತಿದೆ, ತಾಮ್ರವೇ ಮುಂದಿನ ಚಿನ್ನ. ಈಗಲೇ ಒಂದಷ್ಟು ತಗೊಂಡು ಇಟ್ಕೊಳ್ಳಿ" ಅನ್ನೋ ರೀಲ್ಸ್ ನಮ್ಮಲ್ಲಿ ಬಹುತೇಕ ಎಲ್ಲರ ಫೋನಿಗೂ ಬಂದಿವೆ. ಹಾಸ್ಟೆಲ್ ಮೆಸ್‌ನಲ್ಲೂ ಇದೇ ಚರ್ಚೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀವಿ. ತಾಮ್ರಕ್ಕೆ ಬೇಡಿಕೆ ಇದೆ ಅನ್ನೋದು ನಿಜ, ಆದರೆ ಅದು ಮನೆಯಲ್ಲಿ ಕೂಡಿಡೋ ವಸ್ತು ಅಲ್ಲ. ಇನ್ನೊಂದು ವಿಷಯ ಇದೆ, ಅದು ರೀಲ್ಸ್‌ನಲ್ಲಿ ಬರಲ್ಲ. ಯಾವ ರೇಟ್ ನೋಡಿ ನಾವು ಖುಷಿಪಡ್ತೀವೋ ಅದೇ ರೇಟ್ ನೋಡಿ ಇನ್ಯಾರೋ ರಾತ್ರಿ ಹೊತ್ತು ಕಟ್ಟರ್ ಹಿಡಿದು ಹೊಲಕ್ಕೆ ಇಳಿಯುತ್ತಾರೆ. ಎಂಜಿನಿಯರಿಂಗ್ ಓದುವ ನಮಗೆ ಈ ಎರಡನೇ ವಿಷಯವೇ ಹೆಚ್ಚು ಸಂಬಂಧಪಟ್ಟದ್ದು.

ರೇಟ್ ಏರಿದ್ದಕ್ಕೆ ಕಾರಣಗಳಿವೆ. ವಿದ್ಯುತ್ ಹರಿಸೋದರಲ್ಲಿ ತಾಮ್ರಕ್ಕಿಂತ ಮೇಲಿರೋ ಲೋಹ ಬೆಳ್ಳಿ ಮಾತ್ರ. ಪೆಟ್ರೋಲ್ ಕಾರಿನಲ್ಲಿ 20-25 ಕೆಜಿ ತಾಮ್ರ ಇದ್ದರೆ, ಬ್ಯಾಟರಿ ಕಾರಿನಲ್ಲಿ ಸುಮಾರು 80 ಕೆಜಿ ಬೇಕಾಗುತ್ತೆ. ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಲ್ಲಿ 2020ರ ಮಾರ್ಚ್‌ನಲ್ಲಿ ಟನ್ನಿಗೆ 5 ಸಾವಿರ ಡಾಲರ್‌ಗಿಂತ ಕೆಳಗಿದ್ದ ಬೆಲೆ 2024ರ ಮೇ ತಿಂಗಳಲ್ಲಿ 11 ಸಾವಿರ ದಾಟಿತ್ತು. ನಮ್ಮ ದೇಶದ ಕಥೆಯೂ ಇದೆ. ತೂತ್ತುಕುಡಿಯಲ್ಲಿ ವರ್ಷಕ್ಕೆ 4 ಲಕ್ಷ ಟನ್ ಸಾಮರ್ಥ್ಯದ ತಾಮ್ರದ ಸ್ಮೆಲ್ಟರ್ ಇತ್ತು. ಮಾಲಿನ್ಯದ ವಿರುದ್ಧ ಅಲ್ಲಿನ ಜನ ಹೋರಾಟ ಮಾಡಿದರು. 2018ರ ಮೇನಲ್ಲಿ ಪೊಲೀಸ್ ಗುಂಡಿಗೆ 13 ಜನ ಸತ್ತ ಮೇಲೆ ಅದು ಮುಚ್ಚಿತು. ಅಲ್ಲಿಯವರೆಗೆ ಶುದ್ಧ ತಾಮ್ರವನ್ನು ಹೊರಗೆ ಮಾರುತ್ತಿದ್ದ ಭಾರತ, ಆಮೇಲೆ ಹೊರಗಿಂದ ಕೊಳ್ಳುವ ದೇಶವಾಯಿತು.

ಸರಿ, ಹಾಗಾದರೆ ಕೊಂಡಿಟ್ಟರೆ ಏನು ತಪ್ಪು? ಲೆಕ್ಕ ಹಾಕೋಣ. ಸುಲಭವಾಗಲಿ ಅಂತ ಕೆಜಿಗೆ 1,000 ರೂಪಾಯಿ ಅಂತ ಇಟ್ಟುಕೊಳ್ಳೋಣ. 1 ಲಕ್ಷಕ್ಕೆ 100 ಕೆಜಿ ಬರುತ್ತೆ. ಸಾಂದ್ರತೆ 8.96 ಆಗಿರೋದರಿಂದ ಜಾಗ ಹೆಚ್ಚು ಬೇಡ, ಸುಮಾರು 11 ಲೀಟರ್, ಅಂದರೆ ನೀರಿನ ಕ್ಯಾನ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಆ ಕ್ಯಾನನ್ನು ಎತ್ತಿ ನೋಡಿ! ಮೇಲೆ 18% ಜಿಎಸ್‌ಟಿ ಬೇರೆ. ಚಿನ್ನಕ್ಕಾದರೆ 3% ಮಾತ್ರ. ಮಾರೋಕೆ ಹೋದಾಗ ನಮಗೆ ಸಿಗೋದು ಗುಜರಿ ರೇಟ್. ಅಂದರೆ ಬೆಲೆ 18% ಏರಿದರೂ ನಮಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರಲ್ಲ. ಎಂಸಿಎಕ್ಸ್‌ನಲ್ಲಿ ಫ್ಯೂಚರ್ಸ್ ತಗೋತೀವಿ ಅನ್ನೋ ಗೆಳೆಯರಿಗೆ ಒಂದು ಮಾತು: ಅಲ್ಲಿ ಒಂದು ಲಾಟ್ ಅಂದರೆ 2,500 ಕೆಜಿ. ಇದೇ ರೇಟ್‌ನಲ್ಲಿ 25 ಲಕ್ಷದ ವ್ಯವಹಾರ. ಕಟ್ಟೋದು ಅದರ ಒಂದು ಪಾಲು ಮಾರ್ಜಿನ್ ಮಾತ್ರ, ಆದರೆ ಬೆಲೆ 1% ಇಳಿದರೆ ಹೋಗೋದು 25 ಸಾವಿರ. ಪಾಕೆಟ್ ಮನಿಯಲ್ಲಿ ಆಡೋ ಆಟ ಅಲ್ಲ ಇದು.

ಈಗ ಇನ್ನೊಂದು ಲೆಕ್ಕ. ನಮ್ಮ ಊರುಗಳಲ್ಲಿ ಬೋರ್‌ವೆಲ್ ಮೋಟರಿಗೆ ಹಾಕೋ 4 ಚದರ ಮಿಲಿಮೀಟರ್‌ನ ಮೂರು ಕೋರ್ ಫ್ಲಾಟ್ ಕೇಬಲ್ ತಗೊಳ್ಳಿ. 100 ಮೀಟರ್‌ನಲ್ಲಿ ಹತ್ತಿರ ಹತ್ತಿರ 10.75 ಕೆಜಿ ತಾಮ್ರ ಇರುತ್ತೆ. ಕಳ್ಳರ ಕೈಗೆ ಸುಲಭವಾಗಿ ಸಿಗೋದು ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರ್‌ವೆಲ್ ಬಾಯಿವರೆಗಿನ ಭಾಗ. ಅದು 20 ಮೀಟರ್ ಅಂದುಕೊಂಡರೆ 2 ಕೆಜಿಗೆ ಸ್ವಲ್ಪ ಮೇಲೆ. ಪೂರ್ತಿ ರೇಟ್ ಸಿಕ್ಕರೂ ಸುಮಾರು ಎರಡು ಸಾವಿರ ರೂಪಾಯಿ. ಕದ್ದ ಮಾಲಿಗೆ ಪೂರ್ತಿ ರೇಟ್ ಯಾರು ಕೊಡ್ತಾರೆ? ಆ ಎರಡು ಸಾವಿರಕ್ಕೆ ರೈತ ಕಳೆದುಕೊಳ್ಳೋದು ಏನು ನೋಡಿ. ಹೊಸ ಕೇಬಲ್, ಎಲೆಕ್ಟ್ರೀಷಿಯನ್ ಕೂಲಿ, ಪೇಟೆಗೆ ಓಡಾಟ, ಅಷ್ಟು ದಿನ ನೀರಿಲ್ಲದ ಟೊಮೆಟೊ. ಏಪ್ರಿಲ್ ತಿಂಗಳಲ್ಲಿ ನಾಲ್ಕು ದಿನ ನೀರು ನಿಂತರೆ ಗಿಡ ಕಾಯಲ್ಲ. ಟ್ರಾನ್ಸ್‌ಫಾರ್ಮರ್ ಆದರಂತೂ ಇನ್ನೂ ಕಷ್ಟ. ಎಣ್ಣೆ ಚೆಲ್ಲಿ ವೈಂಡಿಂಗ್ ಕಿತ್ತುಕೊಂಡು ಹೋದರೆ ಅದರ ಕೆಳಗಿರೋ ಎಲ್ಲ ಪಂಪ್‌ಸೆಟ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ತಮಾಷೆ ಅಂದರೆ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಅನೇಕದರ ಒಳಗೆ ಇರೋದು ಅಲ್ಯೂಮಿನಿಯಂ ವೈಂಡಿಂಗ್. ಅದು ಗೊತ್ತಾಗೋದು ಒಡೆದ ಮೇಲೆ. ಪಟ್ಟಣದಲ್ಲೂ ಇದೇ ಪಾಡು. 2024ರ ಡಿಸೆಂಬರ್ 5ರಂದು ದೆಹಲಿ ಮೆಟ್ರೋದ ಬ್ಲೂ ಲೈನ್‌ನಲ್ಲಿ ಮೋತಿ ನಗರ, ಕೀರ್ತಿ ನಗರ ಮಧ್ಯೆ ಕೇಬಲ್ ಕದ್ದಿದ್ದಕ್ಕೆ ಇಡೀ ದಿನ ರೈಲುಗಳು ತೆವಳುತ್ತಾ ಓಡಿದವು.

ಕದಿಯೋರು ಲಾಭ ಮಾಡ್ತಾರೆ, ಕಳೆದುಕೊಳ್ಳೋರು ಅದರ ಹತ್ತು ಪಟ್ಟು ತೆರಬೇಕಾಗಬಹುದು. ಈ ಅಂತರ ನೋಡಿದರೆ ಬರೀ ಕಾವಲಿನಿಂದ ಇದು ನಿಲ್ಲಲ್ಲ ಅನ್ನಿಸುತ್ತೆ. ಪ್ರತಿ ಹೊಲಕ್ಕೂ ಕಾವಲುಗಾರ ಸಾಧ್ಯವಿಲ್ಲ. ಕಳವಾದ ಮೇಲೆ ಸಿಸಿಟಿವಿ ಹಾಕೋದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೇಬಲ್ ಅನ್ನು ಯಾರೂ ತಿನ್ನೋಕೆ ಕದಿಯಲ್ಲ, ಮಾರೋಕೆ ಕದೀತಾರೆ. ಹಾಗಾಗಿ ಬಾಗಿಲು ಹಾಕಬೇಕಾದ್ದು ಮಾರೋ ಜಾಗದಲ್ಲಿ.

ಕಾನೂನು ಇಲ್ಲ ಅಂತಲ್ಲ. ವಿದ್ಯುತ್ ಕಾಯ್ದೆ 2003 ಅಂದ ಕೂಡಲೇ ನಮಗೆ ಕೊಕ್ಕೆ ಹಾಕಿ ಕರೆಂಟ್ ಕದಿಯೋದು ನೆನಪಾಗುತ್ತೆ. ಅದೇ ಕಾಯ್ದೆಯ 136ನೇ ಸೆಕ್ಷನ್ ವಿದ್ಯುತ್ ತಂತಿ, ಸಾಮಗ್ರಿ ಕದ್ದವರಿಗೆ ಮೂರು ವರ್ಷದವರೆಗೆ ಜೈಲು ಅನ್ನುತ್ತೆ. 137ನೇ ಸೆಕ್ಷನ್ ಕದ್ದದ್ದು ಅಂತ ಗೊತ್ತಿದ್ದೂ ಕೊಂಡವರಿಗೂ ಅಷ್ಟೇ ಶಿಕ್ಷೆ ಇಟ್ಟಿದೆ. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಳ್ಳೋ ನೋಂದಾಯಿತ ವ್ಯಾಪಾರಿ ತಾನೇ ಜಿಎಸ್‌ಟಿ ಕಟ್ಟಬೇಕು ಅನ್ನೋ ನಿಯಮವೂ ಬಂದಿದೆ. ಆದರೆ ಸುಟ್ಟು ಸಿಪ್ಪೆ ತೆಗೆದ ತಾಮ್ರಕ್ಕೆ ಹೆಸರಿಲ್ಲ, ಊರಿಲ್ಲ. ನಗದು ಕೊಟ್ಟು ತಗೊಂಡರೆ ಗೊತ್ತಿದ್ದು ಕೊಂಡ ಅಂತ ಸಾಬೀತು ಮಾಡೋದು ಹೇಗೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಗುಜರಿ ವ್ಯಾಪಾರಿಗಳ ಕಾಯ್ದೆ ನಗದು ಕೊಟ್ಟು ಲೋಹದ ಗುಜರಿ ಕೊಳ್ಳೋದನ್ನೇ ನಿಷೇಧಿಸಿತು, ಮಾರೋರ ಗುರುತು ನೋಡೋದನ್ನು ಕಡ್ಡಾಯ ಮಾಡಿತು. ಟೀ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇರೋ ನಮ್ಮ ರಾಜ್ಯದಲ್ಲಿ, ತಾಮ್ರಕ್ಕೆ ಮಾತ್ರವಾದರೂ ಯುಪಿಐ ಪಾವತಿ ಕಡ್ಡಾಯ ಮಾಡೋದು ಅಷ್ಟು ಕಷ್ಟವೇ?

ಇದರಿಂದ ಬಡ ಗುಜರಿಯವರಿಗೆ ತೊಂದರೆ ಅಂತ ಕೆಲವರು ಕೇಳಬಹುದು. ಪ್ರಶ್ನೆ ಸರಿಯಾಗಿದೆ. ತಾಮ್ರವನ್ನು ಎಷ್ಟು ಸಲ ಕರಗಿಸಿದರೂ ಗುಣ ಕೆಡಲ್ಲ, ಅದನ್ನು ಮತ್ತೆ ಬಳಕೆಗೆ ತರೋರು ಇದೇ ಗುಜರಿಯವರು. ಅವರನ್ನೆಲ್ಲ ಕಳ್ಳರಂತೆ ನೋಡೋದು ಅನ್ಯಾಯ. ಅದಕ್ಕೇ ಹಳೇ ಪೇಪರ್, ಬಾಟಲಿ, ಕಬ್ಬಿಣಕ್ಕೆ ಈ ನಿಯಮ ಬೇಡ, ತಾಮ್ರಕ್ಕೆ ಸಾಕು ಅಂತ ನಾವು ಹೇಳೋದು. ರಸೀದಿ ಇದ್ದರೆ ಪ್ರಾಮಾಣಿಕ ವ್ಯಾಪಾರಿಗೇ ರಕ್ಷಣೆ. ಪಿವಿಸಿ ಸುಟ್ಟ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ಇರುತ್ತವೆ. ಸುಟ್ಟ ತಂತಿ ಕೊಳ್ಳೋದು ನಿಂತರೆ ಆ ಹೊಗೆ ಕುಡಿಯೋರೂ ಉಳೀತಾರೆ.

ನಮ್ಮ ಪಾಲಿನ ಕೆಲಸವೂ ಇದೆ. ಹೊಲಕ್ಕೆ ತ್ರೀ ಫೇಸ್ ಕೊಡೋದು ದಿನಕ್ಕೆ ಕೆಲವೇ ಗಂಟೆ. ಲೈನ್ ಸತ್ತಿರೋ ಹೊತ್ತಲ್ಲಿ ಕೇಬಲ್ ಕತ್ತರಿಸಿದರೆ ಶಾಕ್ ಹೊಡೆಯಲ್ಲ. ಕೇಬಲ್ ಜೊತೆ ಒಂದು ತೆಳು ತಂತಿಯ ಲೂಪ್ ಎಳೆದು, ಚಿಕ್ಕ ಬ್ಯಾಟರಿ, ಜಿಎಸ್‌ಎಂ ಮಾಡ್ಯೂಲ್ ಸೇರಿಸಿದರೆ ಲೂಪ್ ತುಂಡಾದ ತಕ್ಷಣ ರೈತರ ಫೋನಿಗೆ ಮಿಸ್ಡ್ ಕಾಲ್ ಹೋಗುತ್ತೆ. ಹಲವರ ಹೊಲದಲ್ಲಿ ಮೊಬೈಲ್ ಸ್ಟಾರ್ಟರ್ ಆಗಲೇ ಇದೆ, ಅದಕ್ಕೇ ಇದನ್ನು ಸೇರಿಸಬಹುದು. ಇಲ್ಲವಾದರೆ ನೆಲದ ಮೇಲಿನ ಭಾಗಕ್ಕೆ ಅಲ್ಯೂಮಿನಿಯಂ ಕೇಬಲ್ ಹಾಕಬಹುದು. ಅದರ ವಾಹಕತೆ ತಾಮ್ರದ ಸುಮಾರು 61% ಇರೋದರಿಂದ ಅಡ್ಡಕೊಯ್ತ ಒಂದೂವರೆ ಪಟ್ಟಿಗಿಂತ ಹೆಚ್ಚು ಬೇಕು, ಜಾಯಿಂಟ್‌ನಲ್ಲಿ ಬೈಮೆಟಲ್ ಲಗ್ ಹಾಕಲೇಬೇಕು. ಇದೇನೂ ರಾಕೆಟ್ ವಿಜ್ಞಾನ ಅಲ್ಲ, ನಮ್ಮ ಸಿಲೆಬಸ್‌ನಲ್ಲಿರೋದೇ. ಕೇಬಲ್‌ಗೋ ಬೇಲಿಗೋ ಕರೆಂಟ್ ಬಿಟ್ಟು ಕಳ್ಳನಿಗೆ ಬುದ್ಧಿ ಕಲಿಸೋ ಐಡಿಯಾ ಮಾತ್ರ ಬೇಡ. ಅದು ಅಪರಾಧ, ಸಾಯೋದು ಮೇಯೋಕೆ ಬಂದ ಹಸುವೋ ಪಕ್ಕದ ಮನೆ ಮಗುವೋ ಆಗಿರಬಹುದು.

ಮಿನಿ ಪ್ರಾಜೆಕ್ಟ್ ಸಿನಾಪ್ಸಿಸ್ ಕೊಡೋ ಹೊತ್ತು ಹತ್ತಿರ ಬರ್ತಿದೆ. ಲೈನ್ ಫಾಲೋವರ್ ರೋಬೋಟ್ ಮತ್ತೊಂದು ಬೇಡ. ಊರಲ್ಲಿ ಹೊಲ ಇರೋ ಗೆಳೆಯರು ಒಂದು ಬೋರ್‌ವೆಲ್ ತೋರಿಸಿ, ಇಸಿ, ಇಇಇಯವರು ಸರ್ಕ್ಯೂಟ್ ಮಾಡಿ, ಸಿಎಸ್‌ನವರು ಕನ್ನಡದಲ್ಲಿ ಮೆಸೇಜ್ ಬರೋ ಹಾಗೆ ಮಾಡಿ. ಸಾವಿರ ರೂಪಾಯಿ ಹಾಕಿ ಒಂದು ಕೆಜಿ ತಾಮ್ರ ಕೊಂಡು ಟ್ರಂಕ್‌ನಲ್ಲಿ ಇಡೋ ಬದಲು, ಅದೇ ಸಾವಿರವನ್ನು ಈ ಪ್ರಾಜೆಕ್ಟ್‌ಗೆ ಹಾಕಿದರೆ ಯಾರದೋ ಎರಡು ಕೆಜಿ ತಾಮ್ರ ಹೊಲದಲ್ಲೇ ಉಳಿಯುತ್ತೆ, ನೀರೂ ಹರಿಯುತ್ತೆ.